ಹಾರ ಯಾರ ಕೊರಳಿಗೆ

30 ಆಗಸ್ಟ್ 2015, ರವಿವಾರ

ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಕೊಂದಿದ್ದಾರೆ. ಕಲ್ಯಾಣನಗರದ ಮನೆಯಲ್ಲೇ, ಬೆಳಿಗ್ಗೆ 8.40ರ ಹೊತ್ತಿಗೆ. ಬೈಕಿನ ಮೇಲೆ ಇಬ್ಬರು ಬಂದರು. ಒಬ್ಬ ಬಾಗಿಲು ಬಡಿದ. ಅವರ ಹೆಂಡತಿ ಉಮಾದೇವಿಯವರು ತೆರೆದರು. ಸರ್ ಬೇಕಿತ್ತು ಅಂದ. ಸರ್ ಬಂದರು. ಹಣೆಗೇ ಗುಂಡು. 76 ವರ್ಷದ ಜೀವ.

ಟಿ.ವಿ.ಯಲ್ಲಿ ಇಷ್ಟನ್ನೇ ತಿರುತಿರುಗಿ ಹೇಳುತ್ತಿದ್ದರು. ಮನೆಯಲ್ಲಿ ಕೂಡಲಾಗದೆ ಬಸ್‌ಸ್ಟ್ಯಾಂಡಿನ ಚಾದಂಗಡಿಗೆ ಹೋದೆ. ಈಚೆಗೆ ಅಲ್ಲಿ ಮಾತೆಂದರೆ ಎರಡೇ: ಮಳೆ ಕೈಕೊಟ್ಟದ್ದು, ನರಗುಂದದಲ್ಲಿ ಮಹದಾಯಿ ನೀರಿಗಾಗಿ ಕೂತ ಧರಣಿ. ಇವತ್ತು ಮೂರನೆಯದು ಸೇರಿತು.

"ಯಾರ್ರೀ ಅವ್ರು?" ಎಂದು ಒಬ್ಬ ಕೇಳಿದ. ದೊಡ್ಡ ಸಂಶೋಧಕರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು, ಶಾಸನ, ವಚನ ಅಂತ ಜೀವ ಸವೆಸಿದವರು ಎಂದೆ. ಅವನು ಕೇಳಿದ್ದು ಅದಲ್ಲ. "ಯಾವ ಮಂದಿ?" ಅಂದ. ಪಕ್ಕದವನೇ ಉತ್ತರ ಕೊಟ್ಟ: "ನಮ್ಮವರ. ಆದ್ರ ನಮ್ಮವರಾಗಿ ನಮ್ಮ ಶರಣರ ಮ್ಯಾಲೇ ಬರದಿದ್ರು." ಅದು 1989ರ ಮಾತು. 'ಮಾರ್ಗ' ಮೊದಲ ಸಂಪುಟದ ಬರಹಗಳ ಮೇಲೆ ಗದ್ದಲವೆದ್ದು, ಬರೆದದ್ದನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಚಾದಂಗಡಿಯಲ್ಲಿ ಆ ಪುಸ್ತಕ ಓದಿದವರು ಯಾರೂ ಇರಲಿಲ್ಲ. ಸಿಟ್ಟು ಮಾತ್ರ 26 ವರ್ಷ ಹಾಗೇ ಉಳಿದುಕೊಂಡಿತ್ತು.

ಮೂರನೆಯವನದು ಇನ್ನೊಂದು: "ದೇವ್ರ ಮೂರ್ತಿ ಮ್ಯಾಲ ಉಚ್ಚಿ ಹೊಯ್ಯಬಹುದು ಅಂದಾವ್ರು ಅವರ ಅಲ್ಲೇನ್ರಿ?" ಹಾಗಲ್ಲಪ್ಪ, ಹೋದ ವರ್ಷ ಜೂನಿನಲ್ಲಿ ಬೆಂಗಳೂರಿನ ಸಭೆಯಲ್ಲಿ ಮೂಢನಂಬಿಕೆ ನಿಷೇಧದ ಮಸೂದೆ ಬಗ್ಗೆ ಮಾತಾಡುವಾಗ, ಅನಂತಮೂರ್ತಿಯವರು ತಮ್ಮ ಹುಡುಗತನದ ಅನುಭವವೆಂದು ಬರೆದುಕೊಂಡಿದ್ದನ್ನು ಇವರು ಉದಾಹರಿಸಿದರು, ಅಷ್ಟೇ ಎಂದೆ. "ಇರಲಿ ಬಿಡ್ರಿ ಮಾಸ್ತರ, ದೊಡ್ಡವರಾದವ್ರು ಅಂಥಾದ್ದು ಯಾಕ ಎತ್ತಬೇಕ್ರಿ?" ಅಂದ.

ಕೆಟ್ಟ ಮನುಷ್ಯರಲ್ಲ ಇವರು. ಊರಲ್ಲಿ ಯಾರದೇ ಮನೆಯಲ್ಲಿ ಸಾವಾದರೂ ಹೆಗಲು ಕೊಡುವವರು. ಆದರೆ ಒಂದು ಕಪ್ಪು ಚಹಾ ಮುಗಿಯುವುದರೊಳಗೆ ಕೊಂದವರ ಸುದ್ದಿ ಹಿಂದೆ ಬಿದ್ದು ಸತ್ತವರ ವಿಚಾರಣೆ ಶುರುವಾಗಿತ್ತು.

1 ಸೆಪ್ಟೆಂಬರ್ 2015, ಮಂಗಳವಾರ

ನಿನ್ನೆ ಧಾರವಾಡಕ್ಕೆ ಹೋಗಿ ಬಂದೆ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಮಣ್ಣು ಕೊಟ್ಟರು. ಜನ ಬಹಳ. ವಯಸ್ಸಾದ ಮೇಷ್ಟ್ರುಗಳು ಹುಡುಗರ ಹಾಗೆ ಅಳುತ್ತಿದ್ದರು.

ಇವತ್ತಿನ ಸುದ್ದಿ ಬೇರೆ. ಬಂಟ್ವಾಳದ ಕಡೆಯ ಒಬ್ಬ, ಅಂದು ಅನಂತಮೂರ್ತಿ, ಇಂದು ಕಲಬುರ್ಗಿ, ಹಿಂದೂ ಧರ್ಮವನ್ನು ಹಳಿದರೆ ನಾಯಿ ಸಾವು ಎಂಬರ್ಥದಲ್ಲಿ ಟ್ವಿಟರ್‌ನಲ್ಲಿ ಬರೆದನಂತೆ. ಮುಂದಿನ ಸರದಿ ಕೆ.ಎಸ್. ಭಗವಾನ್ ಅವರದೆಂದೂ ಸೇರಿಸಿದನಂತೆ. ಅನಂತಮೂರ್ತಿ ಕಾಯಿಲೆಯಿಂದ ಆಸ್ಪತ್ರೆಯಲ್ಲಿ ತೀರಿಕೊಂಡವರು. ಹೋದ ವರ್ಷ ಆಗಸ್ಟ್ 22ರಂದು ಅವರು ತೀರಿಕೊಂಡ ಸುದ್ದಿ ಬಂದಾಗ ಮಂಗಳೂರು, ಚಿಕ್ಕಮಗಳೂರಿನಲ್ಲಿ ಪಟಾಕಿ ಹೊಡೆದರು. ಆಗ ನಾವೆಲ್ಲ ಕೆಲವು ಪುಂಡ ಹುಡುಗರ ಕೆಲಸ ಎಂದು ನಕ್ಕು ಬಿಟ್ಟೆವು. ವಯಸ್ಸಾಗಿ ಸತ್ತವನಿಗೆ ಪಟಾಕಿ ಹೊಡೆದದ್ದನ್ನು ಸಹಿಸಿದ ನಾಡಿಗೆ, ಕೊಲೆಯಾದವನ ಮೇಲಿನ ಚಪ್ಪಾಳೆಯನ್ನು ಸಹಿಸುವುದು ಒಂದೇ ಹೆಜ್ಜೆ ಮುಂದಿನದು.

17 ಅಕ್ಟೋಬರ್ 2015, ಶನಿವಾರ

ಕಲಬುರ್ಗಿಯವರ ಕೊಲೆಯನ್ನು ಪ್ರತಿಭಟಿಸಿ ಲೇಖಕರು ಪ್ರಶಸ್ತಿ ಹಿಂದಿರುಗಿಸುವುದು ಮುಂದುವರಿದಿದೆ. ಚಂಪಾ ಪಂಪ ಪ್ರಶಸ್ತಿ ಮರಳಿಸಿ ಶುರುಮಾಡಿದರು. ಹಿಂದಿಯ ಉದಯ ಪ್ರಕಾಶ್, ಆಮೇಲೆ ನಯನತಾರಾ ಸೆಹಗಲ್, ಅಶೋಕ್ ವಾಜಪೇಯಿ. ನಮ್ಮಲ್ಲಿ ಕುಂ. ವೀರಭದ್ರಪ್ಪ, ರಹಮತ್ ತರೀಕೆರೆ ಕೇಂದ್ರ ಅಕಾಡೆಮಿಯ ಪ್ರಶಸ್ತಿಯನ್ನೇ ಮರಳಿ ಕೊಟ್ಟುಬಿಟ್ಟರು. ಅರವಿಂದ ಮಾಲಗತ್ತಿ, ಶಶಿ ದೇಶಪಾಂಡೆ ಅಕಾಡೆಮಿಯ ಮಂಡಳಿಯಿಂದ ಹೊರಬಂದರು. ನನಗೆ ಹೆಚ್ಚು ನಾಟಿದ್ದು ಕನ್ನಡ ಸಾಹಿತ್ಯ ಪರಿಷತ್ತಿನ ಅರಳು ಪ್ರಶಸ್ತಿ ಮರಳಿಸಿದ ಆರು ಮಂದಿ ಎಳೆಯ ಬರಹಗಾರರು. ಹಿರಿಯರಿಗೆ ಕೊಡಲಿಕ್ಕೆ ಬೇರೆ ಪ್ರಶಸ್ತಿಗಳಿವೆ. ಈ ಹುಡುಗರಿಗೆ ಇದ್ದದ್ದೇ ಅದೊಂದು.

ಅರುಣ್ ಜೇಟ್ಲಿ ಇದನ್ನು ತಯಾರಿಸಿದ ಬಂಡಾಯ ಎಂದರು. ಕೇಂದ್ರ ಸಾಹಿತ್ಯ ಅಕಾಡೆಮಿ ತಾನೇ 2006ರಲ್ಲಿ 'ಮಾರ್ಗ-4'ಕ್ಕೆ ಪ್ರಶಸ್ತಿ ಕೊಟ್ಟ ಲೇಖಕ ಕೊಲೆಯಾಗಿ ಒಂದೂವರೆ ತಿಂಗಳಾದರೂ ಒಂದು ಖಂಡನಾ ನಿರ್ಣಯ ಮಾಡಿಲ್ಲ. ಶಾಲೆಯ ಸ್ಟಾಫ್‌ರೂಮಿನಲ್ಲಿ ಮಾತು ಬೇರೆಯೇ: "ರೊಕ್ಕನೂ ವಾಪಸ್ ಕೊಟ್ರೇನು?" ಕೊಲೆಗಾರ ಎಲ್ಲಿದ್ದಾನೆ ಎಂದು ಒಬ್ಬರೂ ಕೇಳಲಿಲ್ಲ.

6 ಸೆಪ್ಟೆಂಬರ್ 2017, ಬುಧವಾರ

ನಿನ್ನೆ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರ ಕೊಲೆ. ಆಫೀಸಿನಿಂದ ಬಂದು ಮನೆಯ ಗೇಟಿನ ಹತ್ತಿರ ಇದ್ದಾಗ.

ನಿನ್ನೆ ಶಿಕ್ಷಕರ ದಿನ. ನಮ್ಮ ಮಾಸ್ತರರ ವಾಟ್ಸ್ಯಾಪ್ ಗುಂಪಿನಲ್ಲಿ ರಾಧಾಕೃಷ್ಣನ್ ಅವರ ಪೇಟದ ಚಿತ್ರ, ಗುಲಾಬಿ, ಶುಭಾಶಯ. ಅದರ ಕೆಳಗೇ ಈ ಸುದ್ದಿ. ಅದರ ಕೆಳಗೆ ಯಾರೋ ಚಪ್ಪಾಳೆಯ ಗುರುತು ಹಾಕಿದರು. ಹೆಸರು ನೋಡಿದೆ. ವ್ಯಾಕರಣ ಬಲ್ಲವರು, ಮಕ್ಕಳಿಗೆ ಕೈ ಎತ್ತದವರು. ಕೆಳಗೆ ಯಾರೂ ಏನೂ ಅನ್ನಲಿಲ್ಲ. ನಾನು "ಇದನ್ನು ತೆಗೆಯಿರಿ" ಎಂದು ಬರೆದೆ. ತೆಗೆದರು. ಆಮೇಲೆ ಮತ್ತೆ ಗುಲಾಬಿ.

ಸ್ಟಾಫ್‌ರೂಮಿನಲ್ಲಿ ಒಬ್ಬರು ನೆನಪಿಸಿದರು: ಹೋದ ನವೆಂಬರಿನಲ್ಲಿ ಹುಬ್ಬಳ್ಳಿ ಕೋರ್ಟು ಮಾನನಷ್ಟದ ಕೇಸಿನಲ್ಲಿ ಆಕೆಗೆ ಆರು ತಿಂಗಳು ಶಿಕ್ಷೆ ಕೊಟ್ಟಿತ್ತಲ್ಲ. ಹೌದು. ಪ್ರಹ್ಲಾದ ಜೋಶಿಯವರ ಬಗ್ಗೆ 2008ರಲ್ಲಿ ಬಂದ ವರದಿಯ ಕೇಸು ಅದು. ಬರೆದದ್ದು ತಪ್ಪು ಅನ್ನಿಸಿದವರು ಕೋರ್ಟಿಗೆ ಹೋದರು, ಆಕೆ ಹುಬ್ಬಳ್ಳಿಗೆ ಬಂದು ಕಟಕಟೆಯಲ್ಲಿ ನಿಂತಳು, ಶಿಕ್ಷೆಯಾಯಿತು, ಜಾಮೀನು ಪಡೆದಳು, ಮೇಲಿನ ಕೋರ್ಟು ಉಳಿದಿತ್ತು. ಬರಹದ ಜಗಳ ಮುಗಿಯಬೇಕಾದದ್ದು ಹೀಗೇ. ಸಹೋದ್ಯೋಗಿ ಇದನ್ನೇ ಕೊಲೆಗೆ ಅರ್ಧ ಸಮರ್ಥನೆಯ ಹಾಗೆ ಹೇಳಿದರು.

12 ಅಕ್ಟೋಬರ್ 2024, ಶನಿವಾರ

ದಸರೆ. ನಿನ್ನೆ ಖಂಡೇಪೂಜೆ, ಕುಂಟೆ, ಕೂರಿಗೆ, ಕುಡಗೋಲು ತೊಳೆದು ಕುಂಕುಮ ಹಚ್ಚಿದರು. ಪಕ್ಕದ ಬಡಿಗೇರರ ಮನೆಯಲ್ಲಿ ಉಳಿ, ಬಾಚಿ, ಗರಗಸದ ಜತೆ ಈ ಸಲ ಕರೆಂಟಿನ ಡ್ರಿಲ್ಲಿಗೂ ಹೂವು. ಕಾಳಮ್ಮನ ಗುಡಿಯಿರುವ ನಮ್ಮ ಊರಿನಲ್ಲಿ ಹಬ್ಬವೆಂದರೆ ವಿಶ್ವಕರ್ಮರ ಮನೆಯಲ್ಲೇ ಅದರ ಹೊಳಪು.

ಇವತ್ತು ಸಂಜೆ ಬನ್ನಿ ಮುಡಿದದ್ದು. "ಬಂಗಾರ ತಗೊಂಡು ಬಂಗಾರದಂಗ ಇರೂಣು." ಮನೆಮನೆ ಸುತ್ತಿ ಕಾಲು ಸೋತವು. ವರ್ಷವಿಡೀ ಮಾತಿಲ್ಲದ ಇಬ್ಬರು ದಾಯಾದಿಗಳು ಅಗಸಿಯ ಹತ್ತಿರ ಎಲೆ ಕೊಟ್ಟು ಕೈ ಮುಗಿದರು. ನಾಳೆಯಿಂದ ಮತ್ತೆ ಮಾತಾಡಲಿಕ್ಕಿಲ್ಲ, ಆ ಬದುವಿನ ಜಗಳ ಸಣ್ಣದಲ್ಲ.

13 ಅಕ್ಟೋಬರ್ 2024, ರವಿವಾರ

ಗೌರಿ ಲಂಕೇಶ್ ಕೊಲೆ ಪ್ರಕರಣದಲ್ಲಿ ಇದೇ 9ಕ್ಕೆ ಬೆಂಗಳೂರಿನ ಕೋರ್ಟು ಜಾಮೀನು ಕೊಟ್ಟವರಲ್ಲಿ ಇಬ್ಬರು ವಿಜಯಪುರಕ್ಕೆ ಬಂದಿದ್ದಾರೆ. ಹಿಂದೂಪರ ಸಂಘಟನೆಯವರು ಹಾರ ಹಾಕಿ, ಕೇಸರಿ ಶಾಲು ಹೊದಿಸಿ, ಘೋಷಣೆ ಕೂಗಿ, ಶಿವಾಜಿ ಪ್ರತಿಮೆಯ ಹತ್ತಿರ ಕರೆದುಕೊಂಡು ಹೋದರು. ಆಮೇಲೆ ಕಾಳಿಕಾ ಗುಡಿಗೆ.

ಕಾಳಿಕಾ ಗುಡಿ ಎಂದು ಓದಿದಾಗ ಪತ್ರಿಕೆ ಕೆಳಗಿಟ್ಟೆ. ನಮ್ಮೂರ ಕಾಳಮ್ಮನೂ ಅವಳೇ.

ಇಬ್ಬರಲ್ಲಿ ಒಬ್ಬ ಸಿಂದಗಿಯವನು. ಕಲಬುರ್ಗಿಯವರು 1938ರಲ್ಲಿ ಹುಟ್ಟಿದ ಯರಗಲ್ಲು ಇರುವುದೂ ಸಿಂದಗಿ ತಾಲೂಕಿನಲ್ಲಿ. ಕಲಬುರ್ಗಿಯವರಿಗೂ ಗೌರಿಗೂ ಬಿದ್ದ ಗುಂಡು ಒಂದೇ 7.65 ಎಂ.ಎಂ. ನಾಡ ಪಿಸ್ತೂಲಿನದು ಎಂದು ತನಿಖೆಯವರು ಹೇಳಿದ್ದಾರೆ. ಉಮಾದೇವಿಯವರು ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ, 2019ರ ಫೆಬ್ರವರಿಯಲ್ಲಿ, ಗೌರಿ ಪ್ರಕರಣದ ಎಸ್‌ಐಟಿಗೇ ಕಲಬುರ್ಗಿಯವರ ಪ್ರಕರಣವೂ ಹೋಯಿತು. ಆ ವರ್ಷ ಆಗಸ್ಟಿನಲ್ಲಿ ಆರು ಜನರ ಮೇಲೆ ಆರೋಪಪಟ್ಟಿ ಬಂತು.

ಜಾಮೀನಿನ ಬಗ್ಗೆ ನನ್ನದೇನೂ ತಕರಾರಿಲ್ಲ. ಗೌರಿ ಪ್ರಕರಣದಲ್ಲಿ 527 ಸಾಕ್ಷಿಗಳ ಪಟ್ಟಿ. ಹೋದ ಡಿಸೆಂಬರಿನಲ್ಲಿ ಹೈಕೋರ್ಟು ಮೊದಲ ಆರೋಪಿಗೆ ಜಾಮೀನು ಕೊಟ್ಟಾಗ ವಿಚಾರಣೆ ಮುಗಿದದ್ದು 90 ಮಂದಿಯದು. ಹೀಗೆ ನಡೆದರೆ ಯಾರನ್ನಾದರೂ ಎಷ್ಟು ವರ್ಷ ಒಳಗಿಡುವುದು? ತಪ್ಪು ಸಾಬೀತಾಗದೆ ಆರು ವರ್ಷ ಕೂಡಿಹಾಕುವುದು ಅನ್ಯಾಯವೇ. ಇದು ಗೌರಿಯ ಆರೋಪಿಗಳಿಗೂ ಅನ್ವಯಿಸಬೇಕು, ಭೀಮಾ-ಕೋರೆಗಾಂವ್ ಕೇಸಿನಲ್ಲಿ ವರ್ಷಗಟ್ಟಲೆ ಕೊಳೆತವರಿಗೂ ಅನ್ವಯಿಸಬೇಕು.

ನನ್ನ ತಕರಾರು ಹಾರದ ಬಗ್ಗೆ. ಸ್ವಾಗತ ಮಾಡಿದವರು ಹೇಳುವುದು, ನಿರಪರಾಧಿಗಳನ್ನು ಆರು ವರ್ಷ ಸುಮ್ಮನೆ ಜೈಲಿನಲ್ಲಿಟ್ಟರು ಎಂದು. ಅದನ್ನು ನಂಬಿದ್ದರೆ ಆ ಮೆರವಣಿಗೆಯಲ್ಲಿ ಸಂಕಟ ಇರಬೇಕಿತ್ತು. ನಮ್ಮೂರಲ್ಲಿ ಒಬ್ಬನನ್ನು ಸುಳ್ಳು ಕಳವಿನ ಕೇಸಿನಲ್ಲಿ ಒಳಗೆ ಹಾಕಿದ್ದರು. ಬಿಟ್ಟು ಬಂದ ದಿನ ಅವನ ತಾಯಿ ಕಾಲಿಗೆ ನೀರು ಹಾಕಿ ಒಳಗೆ ಕರೆದುಕೊಂಡಳು, ಬಾಗಿಲು ಹಾಕಿಕೊಂಡು ಅತ್ತರು, ಮಾರನೆ ದಿನ ಪೊಲೀಸರ ಮೇಲೆ ದಾವೆ ಹಾಕಲು ವಕೀಲರನ್ನು ಕಂಡರು. ಘೋಷಣೆ ಕೂಗಲಿಲ್ಲ. ನಿರಪರಾಧಿಗೆ ವಿಜಯೋತ್ಸವ ಯಾತಕ್ಕೆ? ಅವನು ಗೆದ್ದದ್ದಾದರೂ ಏನು? ಹಾರ ಹಾಕಿದವರ ಬಾಯಿ 'ಇವರು ಮಾಡಿಲ್ಲ' ಅನ್ನುತ್ತದೆ, ಕೈ 'ಮಾಡಿದ್ದು ಚಲೋ ಆತು' ಅನ್ನುತ್ತದೆ. ಎರಡರಲ್ಲಿ ಒಂದನ್ನು ಅವರು ಆರಿಸಿಕೊಳ್ಳಬೇಕು. ಆರಿಸಿಕೊಳ್ಳುವಂತೆ ಅವರನ್ನು ಕೇಳುವವರೂ ಇಲ್ಲ.

14 ಅಕ್ಟೋಬರ್ 2024, ಸೋಮವಾರ

ತಂಗಿ ಮಗ ಹಬ್ಬಕ್ಕೆ ಬಂದವನು ಇನ್ನೂ ಇದ್ದಾನೆ. ಬೆಳಗಾವಿಯಲ್ಲಿ ನೌಕರಿ. ಬುದ್ಧಿವಂತ, ಓದುತ್ತಾನೆ, ನನಗೆ ಎದುರು ಮಾತಾಡುವ ಧೈರ್ಯವೂ ಇದೆ. ಊಟಕ್ಕೆ ಕೂತಾಗ ಹಾರದ ಮಾತು ತೆಗೆದೆ.

"ಮಾಮಾ, ನೀವು ಬರೇ ಒಂದ ಕಡೆ ನೋಡ್ತೀರಿ. 2021ರಾಗ ಹಿಂಡಲಗಾ ಜೇಲಿನ ಮುಂದ ಏನ ಆತು?"

ಅದು ನಿಜ. ಧಾರವಾಡದ ಜಿಲ್ಲಾ ಪಂಚಾಯತಿ ಸದಸ್ಯ, ಬಿಜೆಪಿಯ ಯೋಗೇಶಗೌಡರನ್ನು 2016ರ ಜೂನ್ 15ರಂದು ಜಿಮ್ಮಿನಲ್ಲಿ ಕೊಚ್ಚಿ ಕೊಂದರು. ಆ ಪ್ರಕರಣದಲ್ಲಿ ಆರೋಪಿಯಾಗಿ 2020ರ ನವೆಂಬರಿನಲ್ಲಿ ಸಿಬಿಐ ಬಂಧಿಸಿದ್ದು ಮಾಜಿ ಸಚಿವ, ಕಾಂಗ್ರೆಸ್ಸಿನ ವಿನಯ ಕುಲಕರ್ಣಿಯವರನ್ನು. ಮುಂದಿನ ಆಗಸ್ಟಿನಲ್ಲಿ ಜಾಮೀನಿನ ಮೇಲೆ ಬಿಡುಗಡೆಯಾದಾಗ ಹಿಂಡಲಗಾ ಜೈಲಿನ ಹೊರಗೆ ಕಿಕ್ಕಿರಿದ ಮಂದಿ, ಹಾರ, ಜಯಕಾರ; ಕೊರೊನಾ ನಿಯಮವನ್ನು ಕೇಳುವವರಿರಲಿಲ್ಲ. ಧಾರವಾಡಕ್ಕೆ ಕಾಲಿಡಕೂಡದು ಎಂದು ಕೋರ್ಟಿನ ಷರತ್ತು. 2023ರಲ್ಲಿ ಕಾಲಿಡದೆಯೇ ಧಾರವಾಡದಿಂದ ಗೆದ್ದು ಶಾಸಕರಾದರು. ಅವರ ಮೇಲಿನ ಆರೋಪವೂ ಇನ್ನೂ ಸಾಬೀತಾಗಿಲ್ಲ.

"ಅದೂ ಇದ ಜಾತಿದು. ಒಪ್ಪಿದೆ," ಅಂದೆ. ಅವನಿಗೆ ಇಷ್ಟು ಬೇಗ ಒಪ್ಪುತ್ತೇನೆಂದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ರೊಟ್ಟಿ ಮುರಿಯುತ್ತ ಕೂತ.

ಕೈ ತೊಳೆಯುವಾಗ ಮತ್ತೆ ಶುರುಮಾಡಿದ. "ಬರೂ ವಾರ ಕಿತ್ತೂರ ಉತ್ಸವ. ಥ್ಯಾಕರೆಗೆ ಗುಂಡು ಹಾಕಿದ ಅಮಟೂರ ಬಾಳಪ್ಪಗ ನೀವೂ ಹಾರ ಹಾಕ್ತೀರಿ. ಸಾಲ್ಯಾಗ ನಮಗೂ ಅದನ್ನ ಕಲಿಸೀರಿ. ನಮ್ಮ ನಂಬಿಕೆಯ ವೈರಿಗೆ ಗುಂಡು ಹಾಕಿದವನಿಗೆ ಹಾರ ಹಾಕಿದ್ರ ಮಾತ್ರ ತಪ್ಪೇನು?"

ಇದಕ್ಕೆ ನಾನು ತಟ್ಟನೆ ಉತ್ತರ ಕೊಡಲಿಲ್ಲ. ಪ್ರಶ್ನೆ ಪೊಳ್ಳಲ್ಲ. ಕೊಟ್ಟರೆ ನೆಟ್ಟಗೆ ಕೊಡಬೇಕು.

17 ಅಕ್ಟೋಬರ್ 2024, ಗುರುವಾರ

ಸೀಗಿ ಹುಣ್ಣಿಮೆ. ಹೊಲಕ್ಕೆ ಹೋಗಿ ಭೂತಾಯಿಗೆ ಉಡಿ ತುಂಬಿ, ಚರಗ ಚೆಲ್ಲಿ ಬಂದೆವು. ಎಳ್ಳುಹೋಳಿಗೆ, ಕಡುಬು, ಪುಂಡಿಪಲ್ಯ, ಮೊಸರು ಬುತ್ತಿ. ಕರಿಮಣ್ಣು ಹಸಿಯಾಗಿ ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಹೆಜ್ಜೆಯೂ ಎರಡು ಸೇರು ತೂಗುತ್ತಿತ್ತು. ಬಿಳಿಜೋಳ ಬಿತ್ತಲು ಇನ್ನು ನಾಲ್ಕು ದಿನ ನೆಲ ಆರಬೇಕು.

ಬುತ್ತಿ ಬಿಚ್ಚಿ ಕೂತಾಗ ಹಿರಿಯರೊಬ್ಬರು ಸಂಗ್ಯಾ-ಬಾಳ್ಯಾ ಸಣ್ಣಾಟದ ಮಾತು ತೆಗೆದರು. ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಕೊಲೆ ಅದು. ಪತ್ತಾರ ಮಾಸ್ತರರು ಆಟ ಕಟ್ಟಿದರು. ಕಲಬುರ್ಗಿಯವರೂ 'ಖರೇ ಖರೇ ಸಂಗ್ಯಾ ಬಾಳ್ಯಾ' ಎಂದು ನಾಟಕ ಬರೆದರು. ಮನೆಗೆ ಬರುವ ಹಾದಿಯಲ್ಲಿ ಹೊಳೆದದ್ದು: ಸಂಗ್ಯಾ ತಪ್ಪು ಮಾಡಿದವನೇ, ಗೆಳೆಯನ ಹೆಂಡತಿಯ ಮೇಲೆ ಕಣ್ಣಿಟ್ಟವನು. ಬಯಲಲ್ಲಿ ಕೂತು ನೋಡುವವರಿಗೆಲ್ಲ ಅದು ಗೊತ್ತು. ಆದರೂ ಅವನನ್ನು ಕಡಿಯುವ ಹೊತ್ತಿಗೆ ಹೆಂಗಸರು ಸೆರಗು ಬಾಯಿಗೆ ಒತ್ತಿ ಅಳುತ್ತಾರೆ, ಅವನನ್ನು ವೈರಿಯ ಕೈಗೆ ಕೊಟ್ಟ ಬಾಳ್ಯಾನನ್ನು ಬೈಯುತ್ತಾರೆ. ಅವನ ತಪ್ಪು ಒಂದು ಕಡೆ, ಅವನ ಸಾವು ಇನ್ನೊಂದು ಕಡೆ. ಓದು-ಬರಹ ಬಾರದ ನಮ್ಮ ಹಿಂದಿನವರು ಇವೆರಡನ್ನೂ ಬೇರೆಯಿಟ್ಟು ನೋಡಿದರು. ವಾಟ್ಸ್ಯಾಪ್ ಓದುವ ನಾವು ಕಲಸಿಬಿಟ್ಟೆವು.

20 ಅಕ್ಟೋಬರ್ 2024, ರವಿವಾರ

ಮಹಾರಾಷ್ಟ್ರದ ಜಾಲ್ನಾದಲ್ಲಿ ಗೌರಿ ಪ್ರಕರಣದ ಇನ್ನೊಬ್ಬ ಆರೋಪಿ ಮೊನ್ನೆ ಏಕನಾಥ ಶಿಂಧೆಯವರ ಶಿವಸೇನೆಗೆ ಸೇರಿದ. ಪಕ್ಷದ ಹುದ್ದೆಯನ್ನೂ ಕೊಟ್ಟರು. ಗದ್ದಲವಾದ ಮೇಲೆ ಶಿಂಧೆ ತಡೆ ಹಿಡಿದಿದ್ದಾರೆ. ಅಲ್ಲಿ ಮುಂದಿನ ತಿಂಗಳು ಚುನಾವಣೆ.

ಸರಕಾರಗಳೂ ಸತ್ತವರನ್ನು ಆರಿಸಿಕೊಳ್ಳುತ್ತವೆ. 2022ರ ಜುಲೈನಲ್ಲಿ ದಕ್ಷಿಣ ಕನ್ನಡದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಮೂವರ ಕೊಲೆ: ಮಸೂದ್, ಪ್ರವೀಣ್ ನೆಟ್ಟಾರು, ಫಾಝಿಲ್. ಆಗಿನ ಮುಖ್ಯಮಂತ್ರಿ ಬೊಮ್ಮಾಯಿ ಹೋದದ್ದು ಪ್ರವೀಣ್ ಮನೆಗೆ, 25 ಲಕ್ಷ ಸಿಕ್ಕಿದ್ದೂ ಆ ಮನೆಗೆ. ಉಳಿದಿಬ್ಬರ ಮನೆಗೆ ಅಷ್ಟೇ ಮೊತ್ತ ಮುಟ್ಟಲು ಸರಕಾರವೇ ಬದಲಾಗಬೇಕಾಯಿತು. ಮೂರೂ ಮನೆಯಲ್ಲಿ ತಾಯಂದಿರು ಅತ್ತಿದ್ದು ಒಂದೇ ತಿಂಗಳಲ್ಲಿ.

23 ಅಕ್ಟೋಬರ್ 2024, ಬುಧವಾರ

ಕಿತ್ತೂರಿನ ಗೆಲುವಿಗೆ ಇವತ್ತಿಗೆ 200 ವರ್ಷ. 1824ರ ಇದೇ ದಿನ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಕೋಟೆಯ ಮುಂದೆ ಸತ್ತ. ಉತ್ಸವ ಭರ್ಜರಿ. ನಾನೂ ಹೋಗಿದ್ದೆ; ಧೂಳು, ಡೊಳ್ಳು, ಮಂತ್ರಿಗಳು, ಗಿರಮಿಟ್ಟು. ತಂಗಿ ಮಗ ಬೆಳಗಾವಿಯಿಂದ ನೇರ ಬಂದು ಕೂಡಿಕೊಂಡ. ಕೋಟೆಯ ಒಡೆದ ಗೋಡೆಯ ಹತ್ತಿರ ಕೂತು ಅವನ ಪ್ರಶ್ನೆಗೆ ಉತ್ತರ ಹೇಳಿದೆ.

ಥ್ಯಾಕರೆ ತೋಪು ತಂದಿದ್ದ, ದಂಡು ತಂದಿದ್ದ, ಬಾಗಿಲು ತೆಗೆಯದಿದ್ದರೆ ಒಡೆಯುತ್ತೇನೆ ಅಂದಿದ್ದ. ಒಳಗಿದ್ದವರು ಬಾಗಿಲು ತೆರೆದು ಏರಿ ಬಂದರು. ಎರಡೂ ಕಡೆ ಆಯುಧವಿತ್ತು, ಎರಡೂ ಕಡೆ ಅದು ಯುದ್ಧವೆಂದು ಗೊತ್ತಿತ್ತು. ಕಲಬುರ್ಗಿಯವರ ಬಾಗಿಲಿಗೆ ಬಂದವನು ಯುದ್ಧಕ್ಕೆ ಬಂದೆ ಅನ್ನಲಿಲ್ಲ, ಸರ್ ಬೇಕು ಅಂದ. ಇದು ಮೊದಲನೆಯದು.

ಎರಡನೆಯದನ್ನು ಉತ್ಸವದ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ಅಂದು ಸ್ಟೀವನ್ಸನ್, ಎಲಿಯಟ್ ಎಂಬ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ರಾಣಿ ಚನ್ನಮ್ಮನ ಕೈಗೆ ಸೆರೆಸಿಕ್ಕರು. ಊರೆಲ್ಲ ಗೆದ್ದ ಅಮಲಿನಲ್ಲಿತ್ತು. ಆಕೆ ಅವರನ್ನು ಕೊಲ್ಲಲಿಲ್ಲ, ಗೌರವದಿಂದ ಇಟ್ಟುಕೊಂಡು ಡಿಸೆಂಬರಿನಲ್ಲಿ ಬಿಟ್ಟಳು. ಬಿಟ್ಟ ಕೆಲವೇ ದಿನಕ್ಕೆ ಕಂಪನಿ ಸರಕಾರ ಕಿತ್ತೂರನ್ನು ಮುರಿಯಿತು. ಲೆಕ್ಕಾಚಾರದಿಂದ ನೋಡಿದರೆ ಆಕೆ ಸೋತಳು. ಆದರೆ ಆ ಎಲಿಯಟ್, ವಾಲ್ಟರ್ ಎಲಿಯಟ್, ಮುಂದೆ ಕನ್ನಡ ನಾಡಿನ ಊರೂರಿನ ಶಾಸನಗಳನ್ನು, ಆರುನೂರರ ಹತ್ತಿರ, ಪ್ರತಿ ಮಾಡಿಸಿ ಇಟ್ಟ. ಫ್ಲೀಟ್ ಬಳಸಿದ್ದು ಅದನ್ನು. ಕಲಬುರ್ಗಿಯವರಂಥ ಶಾಸನ ಪಂಡಿತರು ನಡೆದ ಹಾದಿಯನ್ನು ಮೊದಲು ಕಡಿದವರಲ್ಲಿ ಅವನೊಬ್ಬ. ಅವನು ಬದುಕಿ ಉಳಿದದ್ದು ಕಿತ್ತೂರಿನ ರಾಣಿ ಕೊಲ್ಲಲಿಲ್ಲವೆಂದು.

"ಹಾರ ಹಾಕೂದಿದ್ರ ಬಾಳಪ್ಪನ ಗುಂಡಿಗೆ ಎಷ್ಟೋ, ಚನ್ನಮ್ಮ ತಡೆದ ಕೈಗೂ ಅಷ್ಟ ಹಾಕಬೇಕು," ಅಂದೆ.

ಹುಡುಗ ಸುಮ್ಮನಾಗುವವನಲ್ಲ. "ಮತ್ತ ಸುರೇಬಾನ?"

ನನ್ನ ಮರ್ಮಕ್ಕೇ ಕೈ ಹಾಕಿದ. 1858ರ ಮೇ 29ರ ರಾತ್ರಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಮೇಲೆ ನರಗುಂದದ ಬಾಬಾಸಾಹೇಬ ಬಿದ್ದು ಕೊಂದ. ತಲೆಯನ್ನು ನರಗುಂದದ ಅಗಸಿಗೆ ತೂಗುಹಾಕಿದರು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. ರಾಮದುರ್ಗದ ಸಂಸ್ಥಾನಿಕ ಅವನ ಮಲಸೋದರ, ಇಂಗ್ಲಿಷರ ಕಡೆ. ಒಂದೇ ಮನೆ ಎರಡಾಗಿತ್ತು. ಆ ತೂಗಿದ ತಲೆಯ ಕಥೆಯನ್ನು ನಾವು ಹುಡುಗರಿದ್ದಾಗ ರೋಮಾಂಚನದಿಂದ ಕೇಳಿದ್ದೇವೆ. ಬಾಬಾಸಾಹೇಬನ ಬಗ್ಗೆ ನನಗೆ ಈಗಲೂ ಗೌರವ ಇದೆ, ನಿರಾಯುಧಗೊಳಿಸಿ ದತ್ತಕ ನಿರಾಕರಿಸಿ ಅವನನ್ನು ಗೋಡೆಗೊತ್ತಿದ್ದರು. ಆ ರಾತ್ರಿಯ ಬಗ್ಗೆ ಗೌರವ ಇಲ್ಲ. ಹೀಗೆಂದು ನರಗುಂದದ ಸಭೆಯಲ್ಲಿ ಹೇಳಿದರೆ ಕಲ್ಲು ಬಿದ್ದಾವು.

ಅದೇ ನರಗುಂದದಲ್ಲಿ 1980ರ ಜುಲೈ 21. ಮಲಪ್ರಭಾ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದರು, ಗೋಲಿಬಾರಾಯಿತು, ರೈತರು ಸತ್ತರು. ಸಿಟ್ಟಿಗೆದ್ದ ಮಂದಿಯ ಕೈಯಲ್ಲಿ ಪೊಲೀಸರೂ ಸತ್ತರು. ರೈತರ ವೀರಗಲ್ಲಿಗೆ ವರ್ಷಾ ಹಾರ ಬೀಳುತ್ತದೆ, ಬೀಳಬೇಕು. ಆ ಹೋರಾಟದ ನೀರು ನಾವು ಉಂಡಿದ್ದೇವೆ. ಅಂದು ಸತ್ತ ಪೊಲೀಸರ ಹೆಸರನ್ನು ನಮ್ಮ ಕಡೆಯ ಯಾವ ಭಾಷಣದಲ್ಲೂ ನಾನು ಕೇಳಿಲ್ಲ.

ರಾಮದುರ್ಗದ 1939ರ ಏಪ್ರಿಲ್ ಇನ್ನೊಂದು. ಪ್ರಜಾಸಂಘದ ಚಳವಳಿ, ಮುಖಂಡರ ಬಂಧನ, ಹಳ್ಳಿಯ ಮಂದಿ ನುಗ್ಗಿ ಪೊಲೀಸರನ್ನು ಕೊಂದರು. ಖಾದಿ ತೊಟ್ಟ ಕಡೆಯವರೇ. ಗಾಂಧೀಜಿ ಅದನ್ನು ಮುಚ್ಚಲಿಲ್ಲ, ಹಿಂಸೆಯನ್ನು ಹಿಂಸೆ ಎಂದೇ ಹೇಳಿದರು. ನಮ್ಮವರು ಮಾಡಿದಾಗ ಹೇಳುವುದು ಹೀಗೆ. ನಾನು ಕಾಣುವ ಅಳತೆಗೋಲು ಇದೊಂದೇ.

ತಂಗಿ ಮಗ ಕೇಳಿಸಿಕೊಂಡ. "ಗಾಂಧಿ ಎಲ್ಲಾರಿಗೂ ಆಗೂದಿಲ್ಲ ಬಿಡ್ರಿ," ಅಂದ. ಬಸ್ಸು ಬಂತು.

26 ಅಕ್ಟೋಬರ್ 2024, ಶನಿವಾರ

ಬೆಳಿಗ್ಗೆ ನಮ್ಮೂರ ದೇಸಾಯರ ವಾಡೆಯ ಕಡೆ ಹೋಗಿದ್ದೆ. ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವ ಮೊದಲು ಆಸ್ತಿಯನ್ನು ವಿದ್ಯೆಗೆಂದು ಬರೆದಿಟ್ಟರು. ಆ ದುಡ್ಡಿನ ಶಿಷ್ಯವೇತನದಲ್ಲಿ ಓದಿದ ಹುಡುಗರು ಈ ಸೀಮೆಯ ಎಲ್ಲ ಪಕ್ಷದಲ್ಲೂ ಇದ್ದಾರೆ.

ಮಧ್ಯಾಹ್ನ ಒಂದು ಅರ್ಜಿ ಬರೆದೆ: ಊರಿನ ಗ್ರಂಥಾಲಯಕ್ಕೆ ಕಲಬುರ್ಗಿಯವರ 'ಮಾರ್ಗ'ದ ಎಲ್ಲ ಸಂಪುಟಗಳನ್ನೂ ಅವರು ಸಂಪಾದಿಸಿದ ಸಮಗ್ರ ವಚನ ಸಂಪುಟಗಳನ್ನೂ ತರಿಸಿಕೊಡಬೇಕು ಎಂದು. ಅವರ ಮೇಲೆ ಸಿಟ್ಟಿದ್ದವರು ಓದಿ ಸಿಟ್ಟಾಗಲಿ, ಬೇಕಾದರೆ ಉತ್ತರ ಬರೆಯಲಿ. ಚಾದಂಗಡಿಯಲ್ಲಿ ಕೆಲವರು ಸಹಿ ಹಾಕಿದರು. 2015ರಲ್ಲಿ "ನಮ್ಮ ಶರಣರ ಮ್ಯಾಲೇ ಬರದಿದ್ರು" ಅಂದವನೂ ಹಾಕಿದ, ಖುಷಿಯಿಂದೇನಲ್ಲ, "ಏನ ಬರದಾರ ನೋಡೂಣು" ಅಂತ. ತಂಗಿ ಮಗನಿಗೆ ಫೋನಿನಲ್ಲಿ ಕೇಳಿದೆ. "ಸದ್ಯ ಬ್ಯಾಡ್ರಿ ಮಾಮಾ, ನಮ್ಮ ಗ್ರೂಪಿನ್ಯಾಗ ಗೊತ್ತಾದ್ರ ಸುಮ್ನ ತ್ರಾಸು" ಅಂದ. ಅವನಿಗೆ ಓದುವ ಮನಸ್ಸಿಲ್ಲವೆಂದಲ್ಲ. ತನ್ನದೇ ಗುಂಪಿನ ಅಂಜಿಕೆ. ಅರ್ಜಿ ಸೋಮವಾರ ಸವದತ್ತಿಗೆ ಹೋಗುತ್ತದೆ.